ಆಫ್ರಿಕಾದ ಮೆನಿಂಜೈಟಿಸ್ ಪಟ್ಟಿಯಲ್ಲಿ (ಬೆಲ್ಟ್) ಒಂದು ಜಿಲ್ಲೆಯನ್ನು ಕಾಯುವುದು ಹೇಗೆ: ಮೊದಲ ಕೇಸಿನಿಂದ ಲಸಿಕೆವರೆಗೆ ಸಮಗ್ರ ಮಾರ್ಗದರ್ಶಿ

ಸೋಮವಾರ ಬೆಳಗ್ಗೆ ಮೇಜಿನ ಮೇಲೆ ಒಂದೇ ಸಾಲಿನ ವರದಿ. ಕಳೆದ ವಾರ ಜಿಲ್ಲೆಯಲ್ಲಿ 12 ಶಂಕಿತ ಮೆನಿಂಜೈಟಿಸ್ ಕೇಸು. ಜಿಲ್ಲೆಯ ಜನಸಂಖ್ಯೆ 2,40,000. ಲೆಕ್ಕ ಹಾಕಿದರೆ ಲಕ್ಷಕ್ಕೆ 5. ಎಚ್ಚರಿಕೆಯ ಮಟ್ಟ 3, ಅದು ದಾಟಿದೆ. ಸಾಂಕ್ರಾಮಿಕದ ಮಟ್ಟ 10, ಅದಕ್ಕಿನ್ನೂ ಅರ್ಧ ದಾರಿ ಇದೆ. ಸರಿ, ಮುಂದಿನ ವಾರ ನೋಡೋಣ ಅನ್ನಿಸುತ್ತದೆ, ಅಲ್ವಾ?

ಈಗ ಅದೇ 12 ಕೇಸು ಎಲ್ಲೆಲ್ಲಿಂದ ಬಂದವು ಅಂತ ನೋಡಿ. 9 ಕೇಸು ಒಂದೇ ಮೂಲೆಯಿಂದ. ಅಲ್ಲಿರುವುದು 62,000 ಜನ. ಲಕ್ಷಕ್ಕೆ 14.5. ಅಂದರೆ ಆ ಮೂಲೆಯಲ್ಲಿ ಸಾಂಕ್ರಾಮಿಕ ಆಗಲೇ ಶುರುವಾಗಿದೆ, ಜಿಲ್ಲೆಯ ಸರಾಸರಿ ಅದನ್ನು ಮುಚ್ಚಿಟ್ಟಿದೆ ಅಷ್ಟೇ.

ಅಂಕಿಗಳು ನಾನು ಉದಾಹರಣೆಗೆ ಹಾಕಿದ್ದು. ತಪ್ಪು ಮಾತ್ರ ನಿಜ, ಎಲ್ಲ ಕಡೆ ಆಗುವಂಥದ್ದು. ಮುಂದೆ ಹೇಳುವ ಎಲ್ಲ ಹೆಜ್ಜೆಗಳ ಹಿಂದೆ ಇರುವುದು ಒಂದೇ ಮಾತು: ಚಿಕ್ಕ ಚಿಕ್ಕ ಪ್ರದೇಶವಾಗಿ ಎಣಿಸಿ, ವಾರ ತಪ್ಪದೆ ಎಣಿಸಿ, ಅಂಕಿ ಏರಿದ ದಿನವೇ ಹೊರಡಿ.

ಮೊದಲು ಜಾಗ ಮತ್ತು ಕಾಲ ಅರ್ಥ ಮಾಡಿಕೊಳ್ಳಿ

ಮೆನಿಂಜೈಟಿಸ್ ಅಂದರೆ ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತಿರುವ ಪೊರೆಯ ಉರಿಯೂತ. ಅದಕ್ಕೆ ವೈರಸ್, ಬ್ಯಾಕ್ಟೀರಿಯಾ, ಶಿಲೀಂಧ್ರ ಹೀಗೆ ಕಾರಣ ಹಲವು. ಆದರೆ ಊರೂರನ್ನೇ ಹಿಡಿಯುವ ಸಾಂಕ್ರಾಮಿಕಕ್ಕೆ ಮುಖ್ಯ ಕಾರಣ ನೈಸೀರಿಯಾ ಮೆನಿಂಜೈಟಿಡಿಸ್, ಅಂದರೆ ಮೆನಿಂಗೋಕಾಕಸ್. ಇದರಲ್ಲಿ 12 ಸೀರೋಗ್ರೂಪ್, ಅಂದರೆ ಹೊರಕವಚ ನೋಡಿ ಮಾಡಿದ ಗುಂಪುಗಳು ಇವೆ. ಹೆಚ್ಚಿನ ಕಾಟ ಆರರದ್ದು: ಎ, ಬಿ, ಸಿ, ಡಬ್ಲ್ಯು, ಎಕ್ಸ್, ವೈ.

ಆಫ್ರಿಕಾದಲ್ಲಿ ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಇಥಿಯೋಪಿಯಾವರೆಗೆ, ಸಹಾರಾದ ಕೆಳಗೆ, ಒಂದು ಉದ್ದನೆಯ ಪ್ರದೇಶ ಇದೆ. 26 ದೇಶಗಳು ಇದರಲ್ಲಿ ಬರುತ್ತವೆ. 1963ರಲ್ಲಿ ಲಾಪೆಸೋನಿ ಎಂಬ ಫ್ರೆಂಚ್ ವೈದ್ಯ ಇದನ್ನು ಗುರುತಿಸಿ ಮೆನಿಂಜೈಟಿಸ್ ಪಟ್ಟಿ ಅಂತ ಕರೆದರು. ಡಿಸೆಂಬರ್‌ನಿಂದ ಜೂನ್‌ವರೆಗೆ ಇಲ್ಲಿ ಒಣ ಕಾಲ. ಸಹಾರಾ ಕಡೆಯಿಂದ ಬೀಸುವ ಹರ್ಮಟ್ಟಾನ್ ಗಾಳಿ ದೂಳು ಹೊತ್ತು ಬರುತ್ತದೆ, ಗಂಟಲು ಮೂಗು ಒಣಗಿ ಒಳಗಿನ ಪದರ ಗಾಯವಾಗುತ್ತದೆ, ರಾತ್ರಿ ಚಳಿಗೆ ಜನ ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುತ್ತಾರೆ. ಗಂಟಲಲ್ಲಿ ಸುಮ್ನೆ ಇದ್ದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯಲು ಇದಕ್ಕಿಂತ ಒಳ್ಳೆ ಸಮಯ ಬೇಕಾ? ಮಳೆ ಬಿದ್ದ ಕೂಡಲೇ ಕೇಸುಗಳು ಬಿದ್ದುಹೋಗುತ್ತವೆ. 1996-97ರ ಅಲೆಯಲ್ಲಿ 2,50,000ಕ್ಕಿಂತ ಜಾಸ್ತಿ ಕೇಸು, ಸುಮಾರು 25,000 ಸಾವು. ಆ ಪೆಟ್ಟಿನ ನಂತರವೇ ಈಗಿರುವ ಕಣ್ಗಾವಲು ವ್ಯವಸ್ಥೆ ಗಟ್ಟಿಯಾಗಿದ್ದು.

ಇನ್ನೊಂದು ವಿಷಯ. ಸಾಮಾನ್ಯ ದಿನಗಳಲ್ಲಿ ನೂರರಲ್ಲಿ 1ರಿಂದ 10 ಜನರ ಗಂಟಲಲ್ಲಿ ಈ ಬ್ಯಾಕ್ಟೀರಿಯಾ ಇರುತ್ತದೆ, ಅವರಿಗೆ ಏನೂ ಆಗಿರುವುದಿಲ್ಲ. ಸಾಂಕ್ರಾಮಿಕದಲ್ಲಿ ಇದು 10ರಿಂದ 25ಕ್ಕೆ ಏರಬಹುದು. ಹಾಗಾಗಿ ರೋಗಿಯನ್ನು ಕೂಡಿಹಾಕಿ ಹರಡುವುದನ್ನು ನಿಲ್ಲಿಸುತ್ತೇವೆ ಅನ್ನುವುದು ಕನಸಿನ ಮಾತು. ಹರಡುತ್ತಿರುವುದು ಆರೋಗ್ಯವಾಗಿ ಓಡಾಡುತ್ತಿರುವವರಿಂದ.

ಹೆಜ್ಜೆ 1: ಒಣ ಕಾಲಕ್ಕೆ ಮೊದಲೇ ಜಿಲ್ಲೆಯನ್ನು ತುಂಡು ಮಾಡಿ

ಈ ಕೆಲಸ ಅಕ್ಟೋಬರ್, ನವೆಂಬರ್‌ನಲ್ಲೇ ಮುಗಿಯಬೇಕು. ಕೇಸು ಬಂದ ಮೇಲೆ ಜನಸಂಖ್ಯೆ ಹುಡುಕುತ್ತಾ ಕೂತರೆ ಕೆಟ್ಟಿರಿ.

ಒಂದು ಲಕ್ಷಕ್ಕಿಂತ ದೊಡ್ಡ ಜಿಲ್ಲೆಯನ್ನು 30,000ದಿಂದ 1,00,000 ಜನರ ಉಪಪ್ರದೇಶಗಳಾಗಿ ಒಡೆಯಿರಿ. ನಕ್ಷೆಯ ಗೆರೆಗಿಂತ ಜನ ಯಾವ ಆರೋಗ್ಯ ಕೇಂದ್ರಕ್ಕೆ ನಡೆದು ಹೋಗುತ್ತಾರೆ ಅನ್ನುವುದನ್ನು ನೋಡಿ ಒಡೆದರೆ ಒಳ್ಳೆಯದು. ಪ್ರತಿ ತುಂಡಿಗೂ ಈ ವರ್ಷದ ಜನಸಂಖ್ಯೆ ಬರೆದಿಡಿ. ಹತ್ತು ವರ್ಷದ ಹಿಂದಿನ ಗಣತಿಯ ಅಂಕಿಯನ್ನು ಹಾಗೇ ಬಳಸಿದರೆ ಭಾಗಿಸುವ ಸಂಖ್ಯೆ ಚಿಕ್ಕದಾಗಿ ದರ ಉಬ್ಬುತ್ತದೆ. ನಿರಾಶ್ರಿತರ ಶಿಬಿರ ಇದ್ದರೆ ಅದನ್ನು ಬೇರೆಯೇ ತುಂಡಾಗಿ ಇಡಿ, ಪಕ್ಕದ ಊರಿನ ಜೊತೆ ಸೇರಿಸಬೇಡಿ.

ದಾಸ್ತಾನು: ಸೊಂಟದಿಂದ ಬೆನ್ನುಹುರಿಯ ನೀರು ತೆಗೆಯುವ ಸೂಜಿ, ಒಣ ಟ್ಯೂಬ್, ತಣ್ಣಗೆ ಇಡುವ ಕ್ರಯೋಟ್ಯೂಬ್, ನಮೂನೆ ಸಾಗಿಸುವ ಟ್ರಾನ್ಸ್-ಐಸೊಲೇಟ್ ಬಾಟಲಿ, ತ್ವರಿತ ಪರೀಕ್ಷೆಯ ಕಿಟ್, ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್, ನಮೂನೆ ಜೊತೆ ಕಳಿಸುವ ಫಾರಂ. ಪ್ರಯೋಗಾಲಯಕ್ಕೆ ನಮೂನೆ ಒಯ್ಯುವ ಬೈಕು ಯಾವುದು, ಪೆಟ್ರೋಲ್ ದುಡ್ಡು ಯಾರು ಕೊಡುತ್ತಾರೆ ಅನ್ನುವುದೂ ಈಗಲೇ ತೀರ್ಮಾನ ಆಗಲಿ. ನಗಬೇಡಿ, ಎಷ್ಟೋ ನಮೂನೆಗಳು ದಾರಿ ಸಿಗದೆ ಆರೋಗ್ಯ ಕೇಂದ್ರದ ಮೂಲೆಯಲ್ಲೇ ಹಾಳಾಗುವುದು ಇದಕ್ಕೇ.

ಹೆಜ್ಜೆ 2: ಕೇಸು ಅಂದರೆ ಏನು ಅಂತ ಎಲ್ಲರೂ ಒಂದೇ ರೀತಿ ಹೇಳಲಿ

ಶಂಕಿತ ಕೇಸು: ಇದ್ದಕ್ಕಿದ್ದಂತೆ ಜ್ವರ, ಕಂಕುಳಲ್ಲಿ ಅಳೆದರೆ 38.0, ಗುದದ್ವಾರದಲ್ಲಿ ಅಳೆದರೆ 38.5 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ. ಅದರ ಜೊತೆ ಕತ್ತು ಬಿಗಿ, ಅಥವಾ ಪ್ರಜ್ಞೆಯಲ್ಲಿ ವ್ಯತ್ಯಾಸ, ಅಥವಾ ಪೊರೆಯ ಉರಿಯೂತದ ಬೇರೆ ಲಕ್ಷಣ. ಒಂದು ವರ್ಷದೊಳಗಿನ ಕೂಸಿಗೆ ಕತ್ತು ಬಿಗಿ ಕಾಣದೇ ಇರಬಹುದು, ಜ್ವರದ ಜೊತೆ ನೆತ್ತಿ ಉಬ್ಬಿದ್ದರೆ ಸಾಕು.

ಸಂಭಾವ್ಯ ಕೇಸು: ಶಂಕಿತನ ಬೆನ್ನುಹುರಿಯ ನೀರು ಕಲಕಿದಂತೆ ಅಥವಾ ಕೀವಿನಂತೆ ಇದ್ದರೆ, ಅಥವಾ ಸೂಕ್ಷ್ಮದರ್ಶಕದಲ್ಲಿ ಘನ ಮಿಲಿಮೀಟರಿಗೆ 10ಕ್ಕಿಂತ ಜಾಸ್ತಿ ಬಿಳಿ ರಕ್ತಕಣ ಕಂಡರೆ, ಅಥವಾ ಗ್ರಾಮ್ ಬಣ್ಣದಲ್ಲಿ (ಬ್ಯಾಕ್ಟೀರಿಯಾ ಕಾಣಲು ಹಚ್ಚುವ ಬಣ್ಣ) ಬ್ಯಾಕ್ಟೀರಿಯಾ ಕಂಡರೆ. ಕೂಸುಗಳಿಗೆ ಕಣದ ಲೆಕ್ಕ ಬೇರೆ. ದೃಢ ಕೇಸು: ಕಲ್ಚರ್ (ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದು) ಅಥವಾ ಪಿಸಿಆರ್‌ನಲ್ಲಿ (ಅದರ ಡಿಎನ್ಎ ಹುಡುಕುವ ಪರೀಕ್ಷೆ) ಬ್ಯಾಕ್ಟೀರಿಯಾ ಸಿಕ್ಕರೆ.

ಮಟ್ಟ ದಾಟಿತೋ ಇಲ್ಲವೋ ಅನ್ನುವುದಕ್ಕೆ ಎಣಿಸುವುದು ಶಂಕಿತ ಕೇಸುಗಳನ್ನು. ಯಾವ ಲಸಿಕೆ ಅನ್ನುವುದಕ್ಕೆ ಬೇಕಾಗುವುದು ದೃಢ ಕೇಸು. ಈ ಎರಡನ್ನು ಗೊಂದಲ ಮಾಡಿಕೊಂಡು, ದೃಢವಾಗಲಿ ಆಮೇಲೆ ಎಣಿಸೋಣ ಅಂತ ಕೂರುವವರು ಇದ್ದಾರೆ. ಅಷ್ಟರಲ್ಲಿ ಎರಡು ವಾರ ಹೋಗಿರುತ್ತದೆ.

ಹೆಜ್ಜೆ 3: ಆ ಒಂದು ಮಿಲಿಲೀಟರ್ ನೀರನ್ನು ಜೋಪಾನ ಮಾಡಿ

ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಪ್ರದೇಶದ ತೀರ್ಮಾನ ಕೊನೆಗೆ ಈ ಟ್ಯೂಬಿನ ಮೇಲೆ ನಿಂತಿರುತ್ತದೆ.

ಆಗಬಹುದಾದರೆ ಆಂಟಿಬಯೋಟಿಕ್ ಕೊಡುವ ಮೊದಲೇ ಸೊಂಟದಿಂದ ನೀರು ತೆಗೆಯಿರಿ. ಆಗದಿದ್ದರೆ ಕಾಯಬೇಡಿ, ಔಷಧಿ ಮೊದಲು. ಈ ರೋಗದಲ್ಲಿ ಎಷ್ಟೋ ಸಾವು ಲಕ್ಷಣ ಕಂಡ 24ರಿಂದ 48 ಗಂಟೆಯೊಳಗೆ ಆಗುತ್ತದೆ.

ಸೂಜಿಯಿಂದ ಹನಿ ಹನಿಯಾಗಿ ಬೀಳುವಾಗ ಬಣ್ಣ ನೋಡಿ. ಆರೋಗ್ಯವಂತರ ನೀರು ತಿಳಿಯಾಗಿರುತ್ತದೆ. ಇಲ್ಲಿ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿದ್ದರೆ ಅಲ್ಲೇ ಫಾರಂನಲ್ಲಿ ಬರೆಯಿರಿ. ಪ್ರಯೋಗಾಲಯ ಇಲ್ಲದ ಕೇಂದ್ರದಲ್ಲೂ ಇದೊಂದು ಪರೀಕ್ಷೆಯನ್ನು ಕಣ್ಣೇ ಮಾಡುತ್ತದೆ. ಬಂದ ನೀರನ್ನು ಮೂರು ದಾರಿಗೆ ಹಂಚಿ. ಒಣ ಟ್ಯೂಬಿನದ್ದು ಗ್ರಾಮ್ ಬಣ್ಣ, ಕಣ ಎಣಿಕೆ, ತ್ವರಿತ ಪರೀಕ್ಷೆಗೆ. ಕ್ರಯೋಟ್ಯೂಬಿನದ್ದು ಪಿಸಿಆರ್‌ಗೆ, ಇದನ್ನು ತಣ್ಣಗೆ ಇಡಬೇಕು. ಇನ್ನೊಂದು ಪಾಲು ಕಲ್ಚರ್‌ಗೆ.

ಕಲ್ಚರ್ ಪಾಲಿನಲ್ಲೇ ಜನ ಎಡವುವುದು. ಮೆನಿಂಗೋಕಾಕಸ್‌ಗೆ ತಣ್ಣಗಿದ್ದರೆ ಆಗುವುದಿಲ್ಲ, ಸಾಯುತ್ತದೆ. ರಕ್ತ, ಮೂತ್ರ ಎಲ್ಲವನ್ನೂ ಐಸ್ ಡಬ್ಬಿಗೆ ಹಾಕಿ ರೂಢಿಯಾದ ಕೈ ಇದನ್ನೂ ಐಸ್‌ಗೇ ಹಾಕುತ್ತದೆ. ಒಂದು ಗಂಟೆಯೊಳಗೆ ಪ್ರಯೋಗಾಲಯ ಸಿಗುವುದಾದರೆ ಟ್ಯೂಬನ್ನು ಹಾಗೇ ಒಯ್ಯಿರಿ. ಇಲ್ಲವಾದರೆ ಟ್ರಾನ್ಸ್-ಐಸೊಲೇಟ್ ಬಾಟಲಿ ಬಳಸಿ. ಚಿಕ್ಕ ಗಾಜಿನ ಬಾಟಲಿ ಅದು, ಒಳಗೆ ಇದ್ದಿಲು ಬೆರೆಸಿದ ಕಪ್ಪು ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಓರೆಯಾಗಿ ಅಂಟಿಕೊಂಡಿರುತ್ತದೆ, ಕೆಳಗೆ ದ್ರವ, ಮೇಲೆ ರಬ್ಬರ್ ಮುಚ್ಚಳ. ಬಳಸುವ ಮುನ್ನ ಫ್ರಿಜ್‌ನಲ್ಲಿ ಇಟ್ಟಿರಬೇಕು, ಬಳಸಲು ಅರ್ಧ ಗಂಟೆ ಮೊದಲು ಹೊರಗೆ ತೆಗೆಯಬೇಕು. ಮುಚ್ಚಳವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಅರ್ಧದಿಂದ ಒಂದು ಮಿಲಿಲೀಟರ್ ನೀರನ್ನು ಸಿರಿಂಜಿನಿಂದ ಒಳಗೆ ಹಾಕಿ. ಹಾಕಿದ ಮೇಲೆ ಮತ್ತೆ ಫ್ರಿಜ್ ಕಡೆ ತಲೆ ಹಾಕಬೇಡಿ.

24 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟುವುದಾದರೆ ಇಷ್ಟೇ. ತಡವಾಗುವುದಾದರೆ ಹತ್ತಿ ಸಿಕ್ಕಿಸಿದ ಶುದ್ಧ ಸೂಜಿಯನ್ನು ಮುಚ್ಚಳಕ್ಕೆ ಚುಚ್ಚಿ ಗಾಳಿ ಆಡುವಂತೆ ಮಾಡಿ, ಬಾಟಲಿಯನ್ನು ನೇರವಾಗಿ ನಿಲ್ಲಿಸಿ. ಸೂಜಿ ದ್ರವಕ್ಕೆ ತಾಗಬಾರದು. ಸಾಗಿಸುವ ಮುನ್ನ ಸೂಜಿ ಕಿತ್ತುಬಿಡಿ.

ಪ್ರತಿ ಟ್ಯೂಬಿನ ಮೇಲೂ ಲೈನ್ ಲಿಸ್ಟ್‌ನಲ್ಲಿರುವ (ರೋಗಿಗಳ ಪಟ್ಟಿ, ಮುಂದಿನ ಹೆಜ್ಜೆಯಲ್ಲಿದೆ) ಅದೇ ನಂಬರ್ ಇರಲಿ. ಹೆಸರು ಸಾಲದು. ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ಕು ಮಕ್ಕಳಿದ್ದರೆ ಯಾವ ಫಲಿತಾಂಶ ಯಾರದ್ದು ಅಂತ ಆಮೇಲೆ ದೇವರೇ ಹೇಳಬೇಕು.

ಹೆಜ್ಜೆ 4: ಲೈನ್ ಲಿಸ್ಟ್, ಮತ್ತು ಸೊನ್ನೆಯ ವರದಿ

ಒಬ್ಬ ರೋಗಿಗೆ ಒಂದು ಸಾಲು. ನಂಬರ್, ವಯಸ್ಸು, ಗಂಡೋ ಹೆಣ್ಣೋ, ವಾಸದ ಊರು, ಲಕ್ಷಣ ಶುರುವಾದ ದಿನ, ಆಸ್ಪತ್ರೆಗೆ ಬಂದ ದಿನ, ಲಸಿಕೆ ಆಗಿದೆಯೇ, ಯಾವುದು, ಯಾವಾಗ, ನೀರು ತೆಗೆದಿದೆಯೇ, ಕಂಡ ಬಣ್ಣ, ಪ್ರಯೋಗಾಲಯದ ಫಲಿತಾಂಶ, ಕೊನೆಗೆ ಗುಣವಾದರೇ ತೀರಿಕೊಂಡರೇ. ವಾಸದ ಊರು ಅಂದರೆ ರೋಗಿ ಮಲಗೇಳುವ ಊರು, ಆಸ್ಪತ್ರೆ ಇರುವ ಊರಲ್ಲ. ಇದು ತಪ್ಪಿದರೆ ಎಲ್ಲ ಕೇಸೂ ಪಟ್ಟಣದ ಲೆಕ್ಕಕ್ಕೆ ಬಿದ್ದು ಹಳ್ಳಿಯ ಸಾಂಕ್ರಾಮಿಕ ಕಾಣೆಯಾಗುತ್ತದೆ.

ವಾರ ಸೋಮವಾರದಿಂದ ಭಾನುವಾರ. ಪ್ರತಿ ಕೇಂದ್ರವೂ ವರದಿ ಕಳಿಸಬೇಕು, ಕೇಸು ಇಲ್ಲದಿದ್ದರೂ ಸೊನ್ನೆ ಅಂತ ಕಳಿಸಬೇಕು. ಕೇಸು ಇಲ್ಲದ್ದಕ್ಕೂ ವರದಿ ಬಾರದ್ದಕ್ಕೂ ಭೂಮಿ ಆಕಾಶದ ವ್ಯತ್ಯಾಸ ಇದೆ. ಮೌನವಾಗಿರುವ ಕೇಂದ್ರಕ್ಕೆ ಅದೇ ದಿನ ಫೋನ್ ಮಾಡಿ.

ಹೆಜ್ಜೆ 5: ಮಟ್ಟಗಳನ್ನು ಸರಿಯಾಗಿ ಲೆಕ್ಕ ಹಾಕಿ

ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಇವನ್ನು ಪರಿಷ್ಕರಿಸಿತು. ಎ ಗುಂಪಿನ ಕಾಟ ಇಳಿದ ಮೇಲೆ ಸಾಂಕ್ರಾಮಿಕಗಳು ಚಿಕ್ಕದಾಗಿ, ಚದುರಿ ಬರಲು ಶುರುವಾದವು, ಹಾಗಾಗಿ ಮಟ್ಟವನ್ನೂ ಇಳಿಸಿದರು.

30,000ದಿಂದ 1,00,000 ಜನರಿರುವ ಪ್ರದೇಶಕ್ಕೆ ವಾರಕ್ಕೆ ಲಕ್ಷಕ್ಕೆ 3 ಶಂಕಿತ ಕೇಸು ಎಚ್ಚರಿಕೆ, ಕನಿಷ್ಠ 2 ಕೇಸಾದರೂ ಇರಬೇಕು. ಲಕ್ಷಕ್ಕೆ 10 ಸಾಂಕ್ರಾಮಿಕ.

30,000ಕ್ಕಿಂತ ಕಡಿಮೆ ಜನ ಇದ್ದರೆ ದರ ಹಾಕಬೇಡಿ. ಅಲ್ಲಿ ಒಂದು ಕೇಸಿಗೇ ದರ ಹಾರಿಬಿಡುತ್ತದೆ. ನೇರ ಎಣಿಕೆ ಸಾಕು: ವಾರಕ್ಕೆ 2 ಕೇಸು ಅಥವಾ ಸಾಂಕ್ರಾಮಿಕ ಇಲ್ಲದ ವರ್ಷಗಳಿಗಿಂತ ಏರಿಕೆ ಕಂಡರೆ ಎಚ್ಚರಿಕೆ. ವಾರಕ್ಕೆ 5 ಕೇಸು, ಅಥವಾ ಮೂರು ವಾರ ಸತತವಾಗಿ 1, 2, 4 ಹೀಗೆ ಇಮ್ಮಡಿಯಾದರೆ ಸಾಂಕ್ರಾಮಿಕ.

ಉದಾಹರಣೆಗೆ 68,000 ಜನರ ಒಂದು ಉಪಪ್ರದೇಶ. ಮೊದಲ ವಾರ 1 ಕೇಸು, ಲಕ್ಷಕ್ಕೆ 1.5, ಏನಿಲ್ಲ. ಎರಡನೇ ವಾರ 3 ಕೇಸು, 4.4, ಎಚ್ಚರಿಕೆ. ಮೂರನೇ ವಾರ 7 ಕೇಸು, 10.3, ಸಾಂಕ್ರಾಮಿಕ. ಒಂದು ಕೇಸಿನಿಂದ ಸಾಂಕ್ರಾಮಿಕಕ್ಕೆ ಎರಡೇ ವಾರದ ದೂರ. ಇನ್ನೊಂದು ಉಪಾಯ: ಪ್ರತಿ ಉಪಪ್ರದೇಶಕ್ಕೂ ಈ ಮಟ್ಟಗಳನ್ನು ಮೊದಲೇ ಕೇಸಿನ ಸಂಖ್ಯೆಯಲ್ಲಿ ಬರೆದು ಗೋಡೆಗೆ ಅಂಟಿಸಿ. 68,000ಕ್ಕೆ 3 ಎಚ್ಚರಿಕೆ, 7 ಸಾಂಕ್ರಾಮಿಕ. ಆಗ ಭಾಗಾಕಾರ ಬಾರದವರೂ ಓದಬಹುದು, ಕ್ಯಾಲ್ಕುಲೇಟರ್ ಹುಡುಕುವ ನೆಪವೂ ಇರುವುದಿಲ್ಲ.

ಹೆಜ್ಜೆ 6: ಎಚ್ಚರಿಕೆ ಬಂದಾಗ

ಅದೇ ದಿನ ಮೇಲಿನವರಿಗೆ ತಿಳಿಸಿ. ಒಂದು ತಂಡ ಊರಿಗೆ ಹೋಗಲಿ, ಹಿಂದಿನ ವಾರಗಳ ರಿಜಿಸ್ಟರ್ ತಿರುವಿ ತಪ್ಪಿಹೋದ ಕೇಸು ಹುಡುಕಲಿ, ಮಲೇರಿಯಾ ಅಂತ ಬರೆದು ಕಳಿಸಿದ ಜ್ವರಗಳನ್ನು ಇನ್ನೊಮ್ಮೆ ನೋಡಲಿ. ಸಾಧ್ಯವಾದಷ್ಟು ಶಂಕಿತರಿಂದ ನಮೂನೆ ತೆಗೆಯಿರಿ. ಔಷಧಿ ಎಷ್ಟಿದೆ ಎಣಿಸಿ.

ಅಕ್ಕಪಕ್ಕದ ಉಪಪ್ರದೇಶಗಳಿಗೂ ತಿಳಿಸಿ, ಗಡಿಯಾಚೆ ಬೇರೆ ದೇಶ ಇದ್ದರೂ. ವಾರದ ಸಂತೆಗೆ ಬರುವವರು ಪಾಸ್‌ಪೋರ್ಟ್ ನೋಡಿಕೊಂಡು ಕೆಮ್ಮುವುದಿಲ್ಲವಲ್ಲ. ಬುರ್ಕಿನಾ ಫಾಸೊದ ರಾಜಧಾನಿ ಔಗಾಡೂಗುವಿನಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ತಂಡ ದೇಶಗಳ ಅಂಕಿ ಸೇರಿಸಿ ವಾರ ವಾರ ಬುಲೆಟಿನ್ ತರುವುದು ಇದಕ್ಕೇ. ಒಣ ಕಾಲದಲ್ಲಿ ನಿಮ್ಮ ಅಂಕಿ ಕಳಿಸುವುದರ ಜೊತೆಗೆ ನೆರೆಯವರ ಅಂಕಿಯನ್ನೂ ಓದಿ.

ಹೆಜ್ಜೆ 7: ಸಾಂಕ್ರಾಮಿಕದ ಮಟ್ಟ ದಾಟಿದಾಗ

ಎರಡು ಕೆಲಸ ಒಟ್ಟಿಗೆ ಓಡಬೇಕು, ಚಿಕಿತ್ಸೆ ಮತ್ತು ಲಸಿಕೆ.

ಚಿಕಿತ್ಸೆ ಸುಲಭದ್ದು, ಸೆಫ್ಟ್ರಿಯಾಕ್ಸೋನ್. ಸಾಂಕ್ರಾಮಿಕದ ಸಮಯದಲ್ಲಿ ದಿನಕ್ಕೊಂದು ಇಂಜೆಕ್ಷನ್, ಸಾಮಾನ್ಯವಾಗಿ 5 ದಿನ, ಎಳೆ ಕೂಸುಗಳಿಗೆ 7 ದಿನ. ಪ್ರಮಾಣ ನಿಮ್ಮ ದೇಶದ ಮಾರ್ಗಸೂಚಿಯಂತೆ. ಔಷಧಿ ಪುಕ್ಕಟೆ ಅಂತ ಊರಲ್ಲಿ ಡಂಗುರ ಸಾರಿಸಿ, ರೇಡಿಯೋದಲ್ಲಿ ಹೇಳಿಸಿ, ಯಾಕೆಂದರೆ ದುಡ್ಡು ಹೊಂದಿಸಲು ಮನೆಯವರು ಒಂದು ದಿನ ಕಾದರೆ ಆ ಒಂದು ದಿನದಲ್ಲೇ ಮಗು ಹೋಗಬಹುದು. ಸತ್ತವರ ಪಾಲು ನೂರಕ್ಕೆ 10 ದಾಟಿದರೆ ಜನ ತಡವಾಗಿ ಬರುತ್ತಿದ್ದಾರೋ, ಚಿಕಿತ್ಸೆಯಲ್ಲಿ ಲೋಪವೋ, ಅಥವಾ ಹಗುರ ಕೇಸುಗಳು ಎಣಿಕೆಗೇ ಬರುತ್ತಿಲ್ಲವೋ ಅಂತ ಹೋಗಿ ನೋಡಿ.

ಲಸಿಕೆಗೆ ಮೊದಲು ಸೀರೋಗ್ರೂಪ್ ಗೊತ್ತಾಗಬೇಕು. ಒಂದೇ ಮನೆಯ ಎರಡು ನಮೂನೆ ನೋಡಿ ತೀರ್ಮಾನಿಸಬೇಡಿ, ಬೇರೆ ಬೇರೆ ಊರಿನವು ಬೇಕು. ಪರೀಕ್ಷೆಯಲ್ಲಿ ನ್ಯೂಮೋಕಾಕಸ್ ಎಂಬ ಬೇರೆ ಬ್ಯಾಕ್ಟೀರಿಯಾ ಜಾಸ್ತಿ ಬಂದರೆ ಕಥೆಯೇ ಬೇರೆ, ಮೆನಿಂಗೋಕಾಕಸ್ ಲಸಿಕೆ ಅದಕ್ಕೆ ಏನೂ ಮಾಡುವುದಿಲ್ಲ.

ತುರ್ತು ದಾಸ್ತಾನು ಅಂತರರಾಷ್ಟ್ರೀಯ ಸಮನ್ವಯ ಗುಂಪಿನ ಕೈಯಲ್ಲಿದೆ. 1997ರ ಜನವರಿಯಲ್ಲಿ ಶುರುವಾದದ್ದು, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಎಂಎಸ್ಎಫ್ (ಗಡಿರಹಿತ ವೈದ್ಯರ ಸಂಸ್ಥೆ) ಮತ್ತು ರೆಡ್ ಕ್ರಾಸ್ ರೆಡ್ ಕ್ರೆಸೆಂಟ್ ಒಕ್ಕೂಟ ಇದರ ಸದಸ್ಯರು. ಅರ್ಜಿ ಹಾಕುವುದು ದೇಶದ ಸರ್ಕಾರ, ಆದರೆ ಅದರೊಳಗೆ ತುಂಬುವುದು ನಿಮ್ಮ ಲೈನ್ ಲಿಸ್ಟ್, ನಿಮ್ಮ ವಾರದ ದರ, ನಿಮ್ಮ ಪ್ರಯೋಗಾಲಯದ ಫಲಿತಾಂಶ. ಅವು ಅರೆಬರೆ ಇದ್ದರೆ ಪ್ರಶ್ನೆ ಹಿಂದಕ್ಕೆ ಬರುತ್ತದೆ, ದಿನ ಹೋಗುತ್ತದೆ.

ಎಷ್ಟು ಡೋಸ್ ಬೇಕು? ಮೊದಲು ಹೇಳಿದ 62,000 ಜನರ ಮೂಲೆಯನ್ನೇ ತೆಗೆದುಕೊಳ್ಳಿ. 1ರಿಂದ 29 ವಯಸ್ಸಿನವರಿಗೆ ಅಂದುಕೊಂಡರೆ ಈ ಪ್ರದೇಶದಲ್ಲಿ ಸುಮಾರು ನೂರಕ್ಕೆ 70 ಜನ, ಅಂದರೆ 43,400. ನೂರಕ್ಕೆ 10 ವ್ಯರ್ಥವಾಗುತ್ತದೆ ಅಂತ ಹಿಡಿದು 1.11ರಿಂದ ಗುಣಿಸಿ, ಸುಮಾರು 48,200 ಡೋಸ್. ಸಿರಿಂಜು, ಬಳಸಿದ ಸೂಜಿ ಹಾಕುವ ಡಬ್ಬಿ, ಲಸಿಕೆ ಕಲಸುವ ದ್ರವ ಇವನ್ನೂ ಇದೇ ಲೆಕ್ಕದಲ್ಲಿ ಸೇರಿಸಿ. ವಯಸ್ಸಿನ ಗುಂಪು ಮಾತ್ರ ಕಣ್ಣುಮುಚ್ಚಿ ಹಾಕಬೇಡಿ, ಲೈನ್ ಲಿಸ್ಟ್‌ನಲ್ಲಿ ಯಾವ ವಯಸ್ಸಿಗೆ ಪೆಟ್ಟು ಬಿದ್ದಿದೆ ನೋಡಿ.

ಮಟ್ಟ ದಾಟಿದ ನಾಲ್ಕು ವಾರದೊಳಗೆ ಅಭಿಯಾನ ನಡೆಯಬೇಕು ಅನ್ನುವುದು ನಿಯಮ. ಲಸಿಕೆ ಹಾಕಿದ ಮೇಲೂ ರಕ್ಷಣೆ ಬರಲು ವಾರ, ಹತ್ತು ದಿನ ಬೇಕು. ತಡವಾದರೆ ಸಾಂಕ್ರಾಮಿಕ ತಾನೇ ಸುಸ್ತಾಗಿ ನಿಂತ ಮೇಲೆ ನೀವು ಲಸಿಕೆ ಹೊತ್ತು ಊರು ಸೇರುತ್ತೀರಿ. ಎಚ್ಚರಿಕೆಯ ಮಟ್ಟದಲ್ಲಿರುವ ಪಕ್ಕದ ಉಪಪ್ರದೇಶವನ್ನೂ ಇದೇ ಅಭಿಯಾನದಲ್ಲಿ ಸೇರಿಸಲು ಕೇಳಿ.

ಹೆಜ್ಜೆ 8: ಮನೆಯವರು, ಓಡಾಟ, ಹಜ್

ಒಂದೇ ಸೂರಿನಡಿ ಮಲಗುವವರಿಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್‌ನ ಒಂದೇ ಡೋಸ್ ಕೊಡುವ ಪದ್ಧತಿ ಇದೆ. 2017ರಲ್ಲಿ ನೈಜರ್‌ನ ಮದರೂನ್ಫಾ ಜಿಲ್ಲೆಯಲ್ಲಿ ಇದನ್ನು ಇಡೀ ಹಳ್ಳಿಗೇ ಕೊಟ್ಟು ಪರೀಕ್ಷಿಸಿದಾಗ ಕೇಸುಗಳು ಕಡಿಮೆಯಾದವು. ಆದರೆ ಈ ಔಷಧಿಗೆ ಬಗ್ಗದ ತಳಿಗಳೂ ಕಾಣಿಸಿಕೊಂಡಿವೆ, ಹಾಗಾಗಿ ಕಲ್ಚರ್ ಮಾಡಿ ಔಷಧಿ ನಾಟುತ್ತದೆಯೇ ಅಂತ ನೋಡುತ್ತಿರಲೇಬೇಕು. ಜನರ ಓಡಾಟ ನಿಲ್ಲಿಸುವುದರಿಂದ ಪ್ರಯೋಜನ ಕಾಣುವುದಿಲ್ಲ. ಹಜ್‌ಗೆ ಹೋಗುವವರಿಗೆ ಎ, ಸಿ, ಡಬ್ಲ್ಯು, ವೈ ನಾಲ್ಕೂ ಇರುವ ಲಸಿಕೆ ಸೌದಿ ಅರೇಬಿಯಾದ ನಿಯಮ. 2000ದ ಹಜ್‌ನಲ್ಲಿ ಡಬ್ಲ್ಯು ಗುಂಪು ಯಾತ್ರಿಕರ ಜೊತೆ ಹಲವು ದೇಶಗಳಿಗೆ ಹೋಯಿತು, 2002ರಲ್ಲಿ ಬುರ್ಕಿನಾ ಫಾಸೊದಲ್ಲಿ ಅದೇ ಗುಂಪಿನ ದೊಡ್ಡ ಸಾಂಕ್ರಾಮಿಕ ಬಂತು.

ಹೆಜ್ಜೆ 9: ಮಳೆ ಬಂದ ಮೇಲೆ

ಸಾಂಕ್ರಾಮಿಕದ ಹಿಂದೆ ಓಡುವುದಕ್ಕಿಂತ ಬರದಂತೆ ಮಾಡುವುದೇ ಅಗ್ಗ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ, ಎ ಗುಂಪಿನ ವಿರುದ್ಧದ ಲಸಿಕೆ ಮೆನ್‌ಆಫ್ರಿವ್ಯಾಕ್ 2010ರ ಡಿಸೆಂಬರ್‌ನಲ್ಲಿ ಬುರ್ಕಿನಾ ಫಾಸೊದಲ್ಲಿ ಶುರುವಾಯಿತು, ಡೋಸ್‌ಗೆ ಅಮೆರಿಕದ 50 ಸೆಂಟ್‌ಗಿಂತ ಕಡಿಮೆ ಬೆಲೆ. ಬ್ಯಾಕ್ಟೀರಿಯಾದ ಸಕ್ಕರೆ ಕವಚದಿಂದ ಮಾಡಿದ ಹಳೆಯ ಪಾಲಿಸ್ಯಾಕರೈಡ್ ಲಸಿಕೆ ಕೆಲವೇ ವರ್ಷ ಕಾಪಾಡುತ್ತಿತ್ತು, ಗಂಟಲಲ್ಲಿರುವ ಬ್ಯಾಕ್ಟೀರಿಯಾದ ತಂಟೆಗೆ ಹೋಗುತ್ತಿರಲಿಲ್ಲ. ಆ ಸಕ್ಕರೆಗೆ ಪ್ರೋಟೀನ್ ಜೋಡಿಸಿದ ಈ ಕಾಂಜುಗೇಟ್ ಲಸಿಕೆ ಗಂಟಲನ್ನೂ ಖಾಲಿ ಮಾಡಿತು. 40 ಡಿಗ್ರಿ ಬಿಸಿಲಲ್ಲಿ ನಾಲ್ಕು ದಿನ ಐಸ್ ಇಲ್ಲದೆ ಇಡಬಹುದು ಅನ್ನುವ ಅನುಮತಿಯೂ ಸಿಕ್ಕಿತು. 2017ರ ನಂತರ ಈ ಪಟ್ಟಿಯಲ್ಲಿ ಎ ಗುಂಪಿನ ದೃಢ ಕೇಸು ಕಂಡಿಲ್ಲ.

ಎ ಹೋಯಿತು, ಸಿ ಬಂತು. 2015ರಲ್ಲಿ ನೈಜರ್, 2017ರಲ್ಲಿ ನೈಜೀರಿಯಾ, ಅಲ್ಲಿ 14,000ಕ್ಕೂ ಜಾಸ್ತಿ ಶಂಕಿತ ಕೇಸು. ಹಾಗಾಗಿ ಈಗ ಎ, ಸಿ, ಡಬ್ಲ್ಯು, ವೈ, ಎಕ್ಸ್ ಐದೂ ಇರುವ ಮೆನ್‌ಫೈವ್. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ, 2024ರ ಮಾರ್ಚ್‌ನಲ್ಲಿ ನೈಜೀರಿಯಾದಲ್ಲಿ ಮೊದಲ ಬಳಕೆ. ಬಿ ಇದರಲ್ಲಿಲ್ಲ, ಅದನ್ನು ಮರೆಯಬೇಡಿ. ನಿಮ್ಮ ದೇಶ ಇದನ್ನು ಮಕ್ಕಳ ವಾಡಿಕೆ ಲಸಿಕೆಗೆ ಸೇರಿಸಿದ್ದರೆ ಮಳೆಗಾಲದಲ್ಲಿ ಒಂದೊಂದೇ ಉಪಪ್ರದೇಶ ತೆಗೆದುಕೊಂಡು ಎಷ್ಟು ಮಕ್ಕಳು ತಪ್ಪಿಹೋಗಿದ್ದಾರೆ ಅಂತ ಎಣಿಸಿ. ಇಲ್ಲೂ ಜಿಲ್ಲೆಯ ಸರಾಸರಿ ನಂಬಬೇಡಿ.

ಆಮೇಲೆ ಲೈನ್ ಲಿಸ್ಟ್ ಮತ್ತೆ ತೆಗೆಯಿರಿ. ಗುಣವಾದರು ಅಂತ ಬರೆದವರಲ್ಲಿ ಕೆಲವರಿಗೆ ಕಿವಿ ಹೋಗಿರುತ್ತದೆ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಬಂದ ಸುಮಾರು ಐವರಲ್ಲಿ ಒಬ್ಬರಿಗೆ ಕಿವುಡು, ಫಿಟ್ಸ್, ಕಲಿಕೆಯ ತೊಂದರೆ ಇಂಥದ್ದೇನಾದರೂ ಉಳಿಯುತ್ತದೆ. ಆಸ್ಪತ್ರೆ ಬಿಡುವ ಮೊದಲು, ಆಗದಿದ್ದರೆ ನಾಲ್ಕು ವಾರದೊಳಗೆ, ಕಿವಿ ಪರೀಕ್ಷೆ ಆಗಬೇಕು. ಮುಂದಿನ ಒಣ ಕಾಲದ ಫಾರಂ ಅಚ್ಚು ಹಾಕಿಸುವಾಗ ಕೊನೆಯ ಕಾಲಂನ ಪಕ್ಕ ಇನ್ನೊಂದು ಕಾಲಂ ಸೇರಿಸಿ: ಕಿವಿ ಪರೀಕ್ಷೆ ಆಯಿತೇ, ಯಾವ ದಿನ.